ಮುಮ್ಮಡಿ ಕೃಷ್ಣರಾಜ ಒಡೆಯರ್ ಮತ್ತು ಗಂಜೀಫಾ ಚಿತ್ರಸಂಕೇತ

ಮುಮ್ಮಡಿ ಕೃಷ್ಣರಾಜ ಒಡೆಯರ್ (1794 ಜುಲೈ 14 – 1868 ಮಾರ್ಚ್ 27) ಮೈಸೂರು ಸಂಸ್ಥಾನದ ಅರಸರು. ಐದನೆಯ ವಯಸ್ಸಿನಲ್ಲಿ ಪಟ್ಟಾಭಿಷಿಕ್ತರಾಗಿ, ಸುಮಾರು 69 ವರ್ಷಗಳ ಕಾಲ ಅರಸರೆನಿಸಿಕೊಂಡಿದ್ದರೂ ಅವರು ಸ್ವತಃ ಆಡಳಿತ ನಡೆಸಿದ್ದು 1811ರಿಂದ 1831ರವರೆಗಿನ ಇಪ್ಪತ್ತು ವರ್ಷ ಮಾತ್ರ. ಸಾಹಿತ್ಯ, ಸಂಗೀತ, ಚಿತ್ರಕಲೆಗಳ ಪೋಷಕರಾಗಿ ಅವರ ಹೆಸರು ಪ್ರಸಿದ್ಧ. ಗಂಜೀಫಾ ಎಂಬ ಚಿತ್ರದೆಲೆಗಳ ಆಟಕ್ಕೆ ಅವರು ಕೊಟ್ಟ ಹೊಸ ರೂಪಗಳು ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ. ಯೂರೋಪಿನ ಟ್ಯಾರೋ ಚೀಟಿಗಳ ಚಿತ್ರಾರ್ಥವನ್ನು ಹುಡುಕುವವರಿಗೆ ಕನ್ನಡನಾಡಿನಲ್ಲಿ ಸಿಗುವ ಅತ್ಯಂತ ಸಮೀಪದ ಉದಾಹರಣೆ ಇದೇ. ಆದುದರಿಂದ ಈ ಲೇಖನದಲ್ಲಿ ಅರಸರ ಜೀವನವನ್ನೂ ಅವರ ಎಲೆಗಳ ಸಂಕೇತಗಳನ್ನೂ ಒಟ್ಟಿಗೆ ಪರಿಚಯಿಸಲಾಗಿದೆ.

ಜನನ ಮತ್ತು ಪಟ್ಟಾಭಿಷೇಕ

ಮುಮ್ಮಡಿಯವರು ಶ್ರೀರಂಗಪಟ್ಟಣದಲ್ಲಿ ಜನಿಸಿದರು. ತಂದೆ ಖಾಸಾ ಚಾಮರಾಜ ಒಡೆಯರು, ತಾಯಿ ಕೆಂಪನಂಜಮ್ಮಣ್ಣಿ. ಹೈದರಾಲಿ ಮತ್ತು ಟಿಪ್ಪುವಿನ ಕಾಲದಲ್ಲಿ ಒಡೆಯರ ಮನೆತನಕ್ಕೆ ರಾಜ ಎಂಬ ಹೆಸರಷ್ಟೇ ಉಳಿದಿತ್ತು. ಖಾಸಾ ಚಾಮರಾಜರನ್ನು ಹೈದರನು 1776ರಲ್ಲಿ ಪಟ್ಟಕ್ಕೆ ಆರಿಸಿದ ಬಗೆಯ ಕುರಿತು ಕರ್ನಲ್ ವಿಲ್ಕ್ಸ್ ತನ್ನ ಮೈಸೂರು ಚರಿತ್ರೆಯಲ್ಲಿ ಒಂದು ಐತಿಹ್ಯವನ್ನು ದಾಖಲಿಸಿದ್ದಾನೆ. ಕೋಣೆಯ ತುಂಬ ಹಣ್ಣು, ತಿಂಡಿ, ಹೂವು, ಪುಸ್ತಕ, ಹಣದ ಚೀಲ, ಆಟಿಕೆಗಳನ್ನು ಹರಡಿ ಒಡೆಯರ ಬಳಗದ ಮಕ್ಕಳನ್ನು ಒಳಗೆ ಬಿಡಲಾಯಿತಂತೆ. ಬಾಲಕ ಚಾಮರಾಜನು ಬಲಗೈಯಲ್ಲಿ ಒಂದು ಹೊಳೆಯುವ ಕಠಾರಿಯನ್ನೂ ಎಡಗೈಯಲ್ಲಿ ಒಂದು ನಿಂಬೆಹಣ್ಣನ್ನೂ ಎತ್ತಿಕೊಂಡನು. ಅದನ್ನು ಕಂಡು ಹೈದರನು ಅವನೇ ಅರಸನೆಂದು ನಿರ್ಧರಿಸಿದನು. ಕಥೆ ನಿಜವೋ ಅಲ್ಲವೋ, ಒಂದು ವಸ್ತುವನ್ನು ಆಯ್ದುಕೊಳ್ಳುವುದರಲ್ಲಿ ಭವಿಷ್ಯವನ್ನು ಓದುವ ಆಗಿನ ಮನೋಧರ್ಮಕ್ಕೆ ಅದು ಸಾಕ್ಷಿ.

ಖಾಸಾ ಚಾಮರಾಜರು 1796ರಲ್ಲಿ ತೀರಿಕೊಂಡರು. 1799ರ ಮೇ 4ರಂದು ಟಿಪ್ಪು ಸುಲ್ತಾನ್ ರಣರಂಗದಲ್ಲಿ ಮಡಿದ ಮೇಲೆ ಈಸ್ಟ್ ಇಂಡಿಯಾ ಕಂಪನಿಯು ರಾಜ್ಯದ ಒಂದು ಭಾಗವನ್ನು ಒಡೆಯರ ಮನೆತನಕ್ಕೆ ಹಿಂದಿರುಗಿಸಿತು. ಅದೇ ವರ್ಷದ ಜೂನ್ 30ರಂದು ಐದು ವರ್ಷದ ಬಾಲಕನಿಗೆ ಪಟ್ಟಾಭಿಷೇಕವಾಯಿತು. ಕಂಪನಿಗೆ ಪ್ರತಿವರ್ಷ ಏಳು ಲಕ್ಷ ವರಹಗಳ ಪೊಗದಿ ಸಲ್ಲಬೇಕೆಂಬುದು ಒಪ್ಪಂದದ ಷರತ್ತಾಗಿತ್ತು. ರಾಜಮಾತೆ ಲಕ್ಷ್ಮಮ್ಮಣ್ಣಿಯವರು 1810ರಲ್ಲಿ ನಿಧನರಾಗುವವರೆಗೂ ಬಾಲರಾಜನ ಬೆನ್ನಿಗೆ ನಿಂತಿದ್ದರು. ಆಡಳಿತದ ಹೊಣೆಯನ್ನು ದಿವಾನ್ ಪೂರ್ಣಯ್ಯನವರು ಹೊತ್ತು 1811ರಲ್ಲಿ ಅದನ್ನು ಅರಸರಿಗೆ ಒಪ್ಪಿಸಿದರು.

ಆಳ್ವಿಕೆ ಮತ್ತು ಅಧಿಕಾರನಷ್ಟ

ಅರಸರ ಇಪ್ಪತ್ತು ವರ್ಷಗಳ ಆಳ್ವಿಕೆಯ ಕುರಿತು ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ದಾನಧರ್ಮ ಮತ್ತು ದರ್ಬಾರಿನ ವೈಭವದಲ್ಲಿ ಬೊಕ್ಕಸ ಬರಿದಾಯಿತೆಂದು ಬ್ರಿಟಿಷ್ ಅಧಿಕಾರಿಗಳು ಬರೆದರು. ಗುತ್ತಿಗೆಯ ಕಂದಾಯ ಪದ್ಧತಿಯಿಂದ ರೈತರು ಬವಣೆಪಟ್ಟದ್ದಂತೂ ನಿಜ. 1830–31ರಲ್ಲಿ ನಗರ ಪ್ರಾಂತದಲ್ಲಿ ರೈತರ ಬಂಡಾಯ ಎದ್ದಿತು. ಇದನ್ನೇ ಕಾರಣವಾಗಿಸಿ ಗವರ್ನರ್ ಜನರಲ್ ವಿಲಿಯಂ ಬೆಂಟಿಂಕ್ 1831ರಲ್ಲಿ ಆಡಳಿತವನ್ನು ಅರಸರ ಕೈಯಿಂದ ಕಿತ್ತುಕೊಂಡನು. ವರ್ಷಕ್ಕೆ ಒಂದು ಲಕ್ಷ ವರಹ ಮತ್ತು ನಿವ್ವಳ ಕಂದಾಯದ ಐದನೆಯ ಒಂದು ಪಾಲು ಅರಸರ ವೆಚ್ಚಕ್ಕೆಂದು ಗೊತ್ತಾಯಿತು. ರಾಜ್ಯವನ್ನು ಕಮಿಷನರುಗಳು ಆಳಿದರು. ಅವರಲ್ಲಿ ಮಾರ್ಕ್ ಕಬ್ಬನ್ 1834ರಿಂದ 1861ರವರೆಗೆ ಆ ಹುದ್ದೆಯಲ್ಲಿದ್ದನು.

ಅರಮನೆ, ಸಿಂಹಾಸನ, ದಸರಾ ದರ್ಬಾರು, ಛತ್ರಚಾಮರಗಳು ಮಾತ್ರ ಅರಸರಲ್ಲಿಯೇ ಉಳಿದವು. ರಾಜತ್ವದ ಚಿಹ್ನೆಗಳು ಒಂದು ಕಡೆ, ರಾಜ್ಯ ಇನ್ನೊಂದು ಕಡೆ ಎಂಬ ಈ ಸ್ಥಿತಿ ಮೂವತ್ತೇಳು ವರ್ಷ ನಡೆಯಿತು. ಮುಮ್ಮಡಿಯವರ ಗ್ರಂಥ, ಚಿತ್ರ ಮತ್ತು ಆಟಗಳನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಕೆಲಸವಿಲ್ಲದ ಅರಸನ ಕಾಲಹರಣವೆಂದು ಅವುಗಳನ್ನು ಬದಿಗಿರಿಸುವುದು ನ್ಯಾಯವಲ್ಲ.

ಶಿಕ್ಷಣದ ವಿಷಯವನ್ನು ಇಲ್ಲಿ ಬಿಡುವಂತಿಲ್ಲ. ಅಧಿಕಾರ ಹೋದ ಎರಡೇ ವರ್ಷಗಳಲ್ಲಿ, 1833ರಲ್ಲಿ, ಅರಸರು ಮೈಸೂರಿನಲ್ಲಿ ತಮ್ಮ ಖರ್ಚಿನಲ್ಲಿ ಒಂದು ಉಚಿತ ಇಂಗ್ಲಿಷ್ ಶಾಲೆಯನ್ನು ತೆರೆದರು. ಮುಂದೆ ಮಹಾರಾಜಾ ಕಾಲೇಜಾಗಿ ಬೆಳೆದದ್ದು ಈ ಶಾಲೆಯೇ. ಕನ್ನಡ ಗದ್ಯದ ಇತಿಹಾಸದಲ್ಲಿ ಗಣ್ಯಸ್ಥಾನ ಪಡೆದ ಕೆಂಪುನಾರಾಯಣನ ಮುದ್ರಾಮಂಜೂಷ (1823) ಅವರ ಆಶ್ರಯದಲ್ಲಿ ರಚಿತವಾಯಿತು. ಅಳಿಯ ಲಿಂಗರಾಜರು ಅವರ ಆಸ್ಥಾನದ ಕವಿಗಳಲ್ಲಿ ಪ್ರಮುಖರು.

ಶ್ರೀತತ್ತ್ವನಿಧಿ

ಅರಸರ ಹೆಸರಿನಲ್ಲಿರುವ ಕೃತಿಗಳಲ್ಲಿ ಶ್ರೀತತ್ತ್ವನಿಧಿಯು ಅತ್ಯಂತ ದೊಡ್ಡದು. ಶಕ್ತಿ, ವಿಷ್ಣು, ಶಿವ, ಬ್ರಹ್ಮ, ಗ್ರಹ, ವೈಷ್ಣವ, ಶೈವ, ಆಗಮ, ಕೌತುಕ ಎಂಬ ಒಂಬತ್ತು ನಿಧಿಗಳಾಗಿ ಇದು ವಿಭಾಗಗೊಂಡಿದೆ. ಆಸ್ಥಾನದ ಪಂಡಿತರೂ ಚಿತ್ರಕಾರರೂ ಇದರಲ್ಲಿ ದುಡಿದಿದ್ದಾರೆ. ಪ್ರತಿಯೊಂದು ದೇವತೆಗೂ ಧ್ಯಾನಶ್ಲೋಕ, ಮೈಬಣ್ಣ, ತೋಳುಗಳ ಸಂಖ್ಯೆ, ಕೈಯಲ್ಲಿರುವ ಆಯುಧ, ವಾಹನ ಇವುಗಳನ್ನು ಗೊತ್ತುಮಾಡಿ, ಅದಕ್ಕೊಪ್ಪುವ ವರ್ಣಚಿತ್ರವನ್ನು ಪಕ್ಕದಲ್ಲಿ ಬರೆಯಿಸಲಾಗಿದೆ. ಗಣಪತಿಯ 32 ರೂಪಗಳೆಂದು ಇಂದು ಕ್ಯಾಲೆಂಡರುಗಳಲ್ಲಿ ಕಾಣುವ ಪಟ್ಟಿಯು ಶಿವನಿಧಿಯಲ್ಲಿದೆ. 122 ಯೋಗಾಸನಗಳ ಚಿತ್ರಗಳೂ ಈ ಗ್ರಂಥದಲ್ಲಿದ್ದು, ಆಧುನಿಕ ಯೋಗದ ಚರಿತ್ರೆಯನ್ನು ಬರೆಯುವವರು ಅವುಗಳನ್ನು ವಿಶೇಷವಾಗಿ ಗಮನಿಸಿದ್ದಾರೆ.

ಈ ಗ್ರಂಥವನ್ನು ಚಿತ್ರಗಳ ನಿಘಂಟು ಎನ್ನಬಹುದು. ಕೈಯಲ್ಲಿ ಪಾಶವಿದ್ದರೆ ಯಾರು, ಅಂಕುಶವಿದ್ದರೆ ಯಾರು, ಹಂಸದ ಮೇಲಿದ್ದರೆ ಯಾರು, ಹದ್ದಿನ ಮೇಲಿದ್ದರೆ ಯಾರು ಎಂಬುದು ಚಿತ್ರಕಾರನ ಮನಸ್ಸಿಗೆ ಬಿಟ್ಟ ವಿಷಯವಲ್ಲ. ಚಿಹ್ನೆಯಿಂದ ದೇವತೆಯನ್ನು ಗುರುತಿಸುವ ಈ ಶಿಸ್ತನ್ನೇ ಅರಸರು ಆಟದ ಎಲೆಗಳಿಗೂ ತಂದರು. ಆಟಗಳ ವಿವರಣೆ ಒಂಬತ್ತನೆಯದಾದ ಕೌತುಕನಿಧಿಯಲ್ಲಿದೆ.

ಗಂಜೀಫಾದ ಹಿನ್ನೆಲೆ

ಗಂಜೀಫಾ ಎಲೆಗಳು ಸಾಮಾನ್ಯವಾಗಿ ದುಂಡಗಿರುತ್ತವೆ. ಬಟ್ಟೆಯ ಪದರಗಳನ್ನು ಹುಣಸೆಬೀಜದ ಅಂಟಿನಿಂದ ಗಟ್ಟಿಮಾಡಿ, ಸುಣ್ಣದ ಲೇಪ ಕೊಟ್ಟು, ಕೈಯಿಂದ ಚಿತ್ರ ಬರೆದು ಅರಗಿನ ಹೊಳಪು ಕೊಡುತ್ತಿದ್ದರು. ಸಿರಿವಂತರಿಗೆ ದಂತದ ಎಲೆಗಳೂ ಇದ್ದವು. ಬಾಬರನು 1527ರಲ್ಲಿ ಸಿಂಧದ ಷಾ ಹಸನನಿಗೆ ಗಂಜೀಫಾ ಕಳುಹಿಸಿದ ಸಂಗತಿ ಅವನ ಆತ್ಮಚರಿತ್ರೆಯಲ್ಲಿ ಬರುತ್ತದೆ. ಮೊಗಲರ ಆಟದಲ್ಲಿ ಎಂಟು ಬಣ್ಣಗಳಿಗೆ 96 ಎಲೆ. ಕಿರೀಟ, ಖಡ್ಗ, ಚಿನ್ನದ ನಾಣ್ಯ, ಬೆಳ್ಳಿಯ ನಾಣ್ಯ, ಗುಲಾಮ, ವೀಣೆಯಂಥ ವಾದ್ಯ, ಹುಂಡಿಪತ್ರ, ಸರಕು ಇವು ಬಣ್ಣಗಳ ಗುರುತುಗಳು. ಒಂದು ರಾಜ್ಯದ ಉಗ್ರಾಣ, ಖಜಾನೆ, ಸೇನೆ, ದಫ್ತರ ಎಲ್ಲವೂ ಇಷ್ಟರಲ್ಲಿ ಬಂದುಬಿಡುತ್ತವೆ.

ಹಿಂದೂ ಆಸ್ಥಾನಗಳಲ್ಲಿ ಈ ಗುರುತುಗಳ ಜಾಗಕ್ಕೆ ದಶಾವತಾರಗಳು ಬಂದವು. ಹತ್ತು ಬಣ್ಣ, ಪ್ರತಿಯೊಂದಕ್ಕೂ ಹನ್ನೆರಡರಂತೆ 120 ಎಲೆ: ಒಂದು ರಾಜ, ಒಂದು ಮಂತ್ರಿ, ಒಂದರಿಂದ ಹತ್ತರವರೆಗಿನ ಸಂಖ್ಯೆಗಳು. ರಾಜನ ಎಲೆಯಲ್ಲಿ ಅವತಾರಪುರುಷನು ಪರಿವಾರಸಮೇತನಾಗಿ ಕುಳಿತಿರುತ್ತಾನೆ. ಮಂತ್ರಿಯು ಹೆಚ್ಚಾಗಿ ಕುದುರೆ ಏರಿರುತ್ತಾನೆ. ಸಂಖ್ಯೆಯ ಎಲೆಗಳಲ್ಲಿ ಗುರುತು ಮಾತ್ರ. ಮತ್ಸ್ಯಕ್ಕೆ ಮೀನು, ಕೂರ್ಮಕ್ಕೆ ಆಮೆ, ವರಾಹಕ್ಕೆ ಶಂಖ, ನರಸಿಂಹನಿಗೆ ಚಕ್ರ, ವಾಮನನಿಗೆ ಕಮಂಡಲು ಅಥವಾ ಕೊಡೆ, ಪರಶುರಾಮನಿಗೆ ಕೊಡಲಿ, ರಾಮನಿಗೆ ಬಿಲ್ಲುಬಾಣ ಅಥವಾ ವಾನರ, ಕೃಷ್ಣನಿಗೆ ಗೋವು, ಬುದ್ಧನಿಗೆ ಕಮಲ, ಕಲ್ಕಿಗೆ ಖಡ್ಗ ಅಥವಾ ಕುದುರೆ. ಪ್ರದೇಶದಿಂದ ಪ್ರದೇಶಕ್ಕೆ ಇವು ಅಷ್ಟಿಷ್ಟು ಬದಲಾಗುತ್ತವೆ.

ಎಲೆಗಳ ಬೆಲೆಯಲ್ಲಿ ಒಂದು ವಿಶೇಷವಿದೆ. ಮತ್ಸ್ಯದಿಂದ ವಾಮನನವರೆಗಿನ ಐದು ಬಣ್ಣಗಳಲ್ಲಿ ಮಂತ್ರಿಯ ನಂತರ ಹತ್ತು ದೊಡ್ಡದು, ಒಂದು ಚಿಕ್ಕದು. ಪರಶುರಾಮನಿಂದ ಕಲ್ಕಿಯವರೆಗಿನ ಐದರಲ್ಲಿ ಕ್ರಮ ತಲೆಕೆಳಗಾಗಿ ಒಂದು ದೊಡ್ಡದು, ಹತ್ತು ಚಿಕ್ಕದು. ಹೀಗೆ ಆಟದ ದಿಕ್ಕು ತಿರುಗುವುದು ಪರಶುರಾಮನ ಕೊಡಲಿಯಿಂದ. ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಹೋಗಿಬಂದವರಿಗೆ ಈ ಕೊಡಲಿಯ ಕಥೆಯನ್ನು ಬಿಡಿಸಿ ಹೇಳಬೇಕಾಗಿಲ್ಲ; ತಾಯಿ ರೇಣುಕೆಯ ಹೆಸರಿನೊಡನೆಯೇ ಅದು ನೆನಪಾಗುತ್ತದೆ. ಸಂಖ್ಯೆಯ ಎಲೆಯ ಮೇಲಿನ ಪುಟ್ಟ ಕೊಡಲಿ ಇಡೀ ಪುರಾಣವನ್ನು ಹೊತ್ತಿರುವುದು ಹೀಗೆ. ಹಗಲಿನಲ್ಲಿ ಆಡಿದರೆ ರಾಮನ ರಾಜನು ಮೊದಲು ಇಳಿಯಬೇಕು, ರಾತ್ರಿಯಾದರೆ ಕೃಷ್ಣನ ರಾಜನು ಎಂಬ ನಿಯಮವೂ ಹಲವೆಡೆ ಉಂಟು. ಸೂರ್ಯವಂಶದವನಿಗೆ ಹಗಲು, ನಟ್ಟಿರುಳಲ್ಲಿ ಹುಟ್ಟಿದವನಿಗೆ ಇರುಳು ಎಂಬುದು ಸಹಜವಾಗಿ ಹೊಂದುವ ವಿವರಣೆ.

ಮೈಸೂರಿನ ಛದಗಳು

ಮುಮ್ಮಡಿಯವರು ತಾವು ಕಲ್ಪಿಸಿದ ಎಲೆಯಾಟಗಳನ್ನು ಛದ ಎಂದು ಕರೆದರು. ಸಂಸ್ಕೃತದಲ್ಲಿ ಛದವೆಂದರೆ ಎಲೆ. ಇಸ್ಪೀಟಿನ ಹಾಳೆಯನ್ನು ನಾವು ಇಂದಿಗೂ ಎಲೆ ಎನ್ನುತ್ತೇವಷ್ಟೆ. ದಶಾವತಾರದ ಹತ್ತು ಬಣ್ಣ, ಹನ್ನೆರಡು ಎಲೆಗಳ ಚೌಕಟ್ಟು ಅವರಿಗೆ ಸಾಲದಾಯಿತು. ಸಾಮಾನ್ಯವಾಗಿ ಒಂದು ಬಣ್ಣಕ್ಕೆ ಹನ್ನೆರಡು ಸಂಖ್ಯೆಯ ಎಲೆಗಳೂ ಆಸ್ಥಾನದ ಚಿತ್ರಗಳುಳ್ಳ ಆರು ಎಲೆಗಳೂ ಇದ್ದವು. ಕೆಲವು ಆಟಗಳಲ್ಲಿ ಬಣ್ಣಗಳು ಹದಿನೆಂಟಕ್ಕೆ ಏರಿದವು. ಅತ್ಯಂತ ದೊಡ್ಡ ಕಟ್ಟಿನಲ್ಲಿ 360 ಎಲೆಗಳು. ಮನೆದೇವತೆ ಚಾಮುಂಡೇಶ್ವರಿ, ನವಗ್ರಹಗಳು, ಪಂಚಪಾಂಡವರು ಈ ಆಟಗಳ ನಾಯಕಸ್ಥಾನದಲ್ಲಿ ಬಂದರು. ಯಾವ ಬಣ್ಣ ಇಳಿದರೂ ಅದನ್ನು ಹೊಡೆಯಬಲ್ಲ ಸ್ಥಿರವಾದ ತುರುಫಿನ ಎಲೆಗಳೂ ಕೆಲವು ಛದಗಳಲ್ಲಿದ್ದವು. ಭಾರತದ ಹಳೆಯ ಗಂಜೀಫಾದಲ್ಲಿ ತುರುಫಿನ ಪದ್ಧತಿ ಇಲ್ಲದಿರುವುದರಿಂದ ಇದು ಗಮನಾರ್ಹ ಬದಲಾವಣೆ.

ಈ ಆಟಗಳು ಅರಮನೆಯ ಹೊರಗೆ ಹರಡಲಿಲ್ಲ. 360 ಎಲೆಗಳನ್ನು ನೆನಪಿನಲ್ಲಿಟ್ಟುಕೊಂಡು ಆಡುವುದು ಸಾಮಾನ್ಯರ ಕೆಲಸವಲ್ಲ. ಆಟವಾಗಿ ನೋಡಿದರೆ ಇವು ಸೋತವೆಂದೇ ಹೇಳಬೇಕು. ಆದರೆ ದೇವತೆ, ಅರಸ, ಪರಿವಾರ, ಆಯುಧ, ವಾಹನ ಇವೆಲ್ಲಕ್ಕೂ ತಪ್ಪದ ಸ್ಥಾನ ಮತ್ತು ದರ್ಜೆಗಳನ್ನು ಗೊತ್ತುಮಾಡಿದ ಒಂದು ಜಗತ್ತು ಅಂಗೈಯಗಲದ ಚಿತ್ರಗಳಲ್ಲಿ ಉಳಿಯಿತು. ಹೊರಗೆ ಕಮಿಷನರನ ಆಜ್ಞೆ ನಡೆಯುತ್ತಿದ್ದಾಗ ಈ ಎಲೆಗಳ ರಾಜ್ಯದಲ್ಲಿ ರಾಜನ ಎಲೆಯ ಮೇಲೆ ಮಂತ್ರಿಯ ಎಲೆ ಬೀಳುವಂತಿರಲಿಲ್ಲ.

ಚದುರಂಗದಲ್ಲಿಯೂ ಅರಸರಿಗೆ ಇದೇ ಆಸಕ್ತಿ. ಮಣೆಯ 64 ಮನೆಗಳನ್ನೂ ಕುದುರೆಯು ಒಂದೊಂದು ಸಲ ಮಾತ್ರ ಮುಟ್ಟಿ ಮುಗಿಸುವ ನಡೆಗಳನ್ನು ಅವರು ಹಲವು ಬಗೆಯಲ್ಲಿ ಹೆಣೆದರು.

ಟ್ಯಾರೋ ಚೀಟಿಗಳೊಡನೆ ಹೋಲಿಕೆ

ಟ್ಯಾರೋ ಕೂಡ ಹುಟ್ಟಿದ್ದು ಆಟವಾಗಿ. ಹದಿನೈದನೆಯ ಶತಮಾನದ ಇಟಲಿಯ ಆಸ್ಥಾನಗಳಲ್ಲಿ ಅದರ ಎಲೆಗಳನ್ನು ಚಿನ್ನದ ಹಾಳೆಯ ಮೇಲೆ ಬರೆಯಿಸುತ್ತಿದ್ದರು. ನೆಲೆಗೊಂಡ ರೂಪದಲ್ಲಿ ಅದಕ್ಕೆ 78 ಎಲೆಗಳು. ಅವುಗಳಲ್ಲಿ 56 ಎಲೆಗಳು ಖಡ್ಗ, ಬಟ್ಟಲು, ನಾಣ್ಯ, ದಂಡ ಎಂಬ ನಾಲ್ಕು ಬಣ್ಣಗಳವು, ಉಳಿದ 22 ಚಿತ್ರದ ಎಲೆಗಳು. ಖಡ್ಗ ಮತ್ತು ನಾಣ್ಯಗಳು ಮೊಗಲ್ ಗಂಜೀಫಾದಲ್ಲಿಯೂ ಇವೆ. ಇಸ್ತಾಂಬುಲಿನ ತೋಪ್ಕಾಪಿ ಅರಮನೆಯಲ್ಲಿರುವ ಈಜಿಪ್ಟಿನ ಹಳೆಯ ಎಲೆಗಳಲ್ಲಿ ಇದೇ ನಾಲ್ಕು ಗುರುತುಗಳ ಪೂರ್ವರೂಪವೂ ಕಂಜೀಫಾ ಎಂಬ ಬರಹವೂ ಕಾಣುತ್ತವೆ. ಹಳೆಯ ಟ್ಯಾರೋ ಆಟದಲ್ಲಿ ಖಡ್ಗ ಮತ್ತು ದಂಡಗಳಿಗೆ ಹತ್ತು ದೊಡ್ಡದು, ಬಟ್ಟಲು ಮತ್ತು ನಾಣ್ಯಗಳಿಗೆ ಒಂದು ದೊಡ್ಡದು. ಮೇಲೆ ಹೇಳಿದ ದಶಾವತಾರದ ನಿಯಮದೊಡನೆ ಇದನ್ನು ಹೋಲಿಸಿದರೆ ಎರಡೂ ಆಟಗಳು ದೂರದ ದಾಯಾದಿಗಳೆಂಬುದು ಸ್ಪಷ್ಟವಾಗುತ್ತದೆ.

ಟ್ಯಾರೋ ಎಲೆಗಳಿಗೆ ಗೂಢಾರ್ಥ ಹಚ್ಚಿದ್ದು ಬಹಳ ತಡವಾಗಿ. 1781ರಲ್ಲಿ ಫ್ರಾನ್ಸಿನ ಕೂರ್ ದ ಜೆಬಲಾಂ ಎಂಬವನು ಅವು ಪ್ರಾಚೀನ ಈಜಿಪ್ಟಿನ ಜ್ಞಾನವೆಂದು ಆಧಾರವಿಲ್ಲದೆ ವಾದಿಸಿದನು. ಆ ಬಳಿಕ ಕಣಿ ಹೇಳುವ ರೂಢಿ ಬೆಳೆಯಿತು. ಇಂದು ಜನಪ್ರಿಯವಾಗಿರುವ ಚಿತ್ರಗಳನ್ನು ಆರ್ಥರ್ ಎಡ್ವರ್ಡ್ ವೇಟ್ ಸೂಚನೆಯಂತೆ ಪಮೇಲಾ ಕೋಲ್ಮನ್ ಸ್ಮಿತ್ ಎಂಬ ಕಲಾವಿದೆ ಬರೆದದ್ದು 1909ರಲ್ಲಿ. ಗಂಜೀಫಾದ ಮುಖ್ಯ ಪರಂಪರೆ ಇಂಥ ಭವಿಷ್ಯಕಥನದ ಕಡೆಗೆ ತಿರುಗಲಿಲ್ಲ. ಜಾತ್ರೆಗಳಲ್ಲಿ ಗಿಳಿಶಾಸ್ತ್ರದವರು ಹರಡುವ ದೇವರ ಚಿತ್ರದ ಚೀಟಿಗಳು ಬೇರೆಯೇ ಪರಂಪರೆಯವು. ಕೆಲವರು ಎರಡನ್ನೂ ಬೆರೆಸಿ ಬರೆಯುವುದುಂಟು, ಅದು ಸರಿಯಲ್ಲ.

ಅರ್ಥ ಹುಟ್ಟುವ ಬಗೆಯಲ್ಲಿ ಒಂದು ಮುಖ್ಯ ವ್ಯತ್ಯಾಸವನ್ನು ವಿದ್ಯಾರ್ಥಿಗಳು ಗಮನಿಸಬೇಕು. ಇಂದಿನ ಟ್ಯಾರೋ ಓದಿನಲ್ಲಿ ಎಲೆಯ ಅರ್ಥ ಕೇಳುವವನ ಪ್ರಶ್ನೆಗೆ ತಕ್ಕಂತೆ ಬದಲಾಗುತ್ತದೆ. ಗಂಜೀಫಾದಲ್ಲಿ ಮೀನು ಮತ್ಸ್ಯಾವತಾರವೇ, ಕೊಡಲಿ ಪರಶುರಾಮನೇ. ಯಾರ ಕೈಗೆ ಬಂದರೂ ಅದು ಬದಲಾಗದು. ಟ್ಯಾರೋದ ಭಾಗ್ಯಚಕ್ರವೆಂಬ ಎಲೆಯನ್ನೂ ಇಲ್ಲಿ ನೆನೆಯಬಹುದು. ಅದರ ಹಳೆಯ ಚಿತ್ರದಲ್ಲಿ ಗಾಲಿಯ ಸುತ್ತ ನಾಲ್ವರು: ಒಬ್ಬನು ಏರುತ್ತಿದ್ದಾನೆ, ಒಬ್ಬನು ಮೇಲೆ ಕುಳಿತಿದ್ದಾನೆ, ಒಬ್ಬನು ಉರುಳುತ್ತಿದ್ದಾನೆ, ನಾಲ್ಕನೆಯವನು ಅಡಿಯಲ್ಲಿದ್ದಾನೆ. ಮೈಸೂರಿನ ಅರಸರು ಆ ಚಿತ್ರವನ್ನು ಕಂಡಿದ್ದರೆ ಅದನ್ನು ಯಾರೂ ವಿವರಿಸಬೇಕಾಗಿರಲಿಲ್ಲ.

ದತ್ತಕದ ಹೋರಾಟ

ಮುಮ್ಮಡಿಯವರಿಗೆ ಪಟ್ಟಕ್ಕೆ ಬರಬಲ್ಲ ಔರಸಪುತ್ರನಿರಲಿಲ್ಲ. ಇದರ ತೂಕವನ್ನು ಬೆಳಗಾವಿ ಸೀಮೆಯ ಓದುಗರು ಬೇಗನೆ ಗ್ರಹಿಸಬಲ್ಲರು. ಕಿತ್ತೂರಿನಲ್ಲಿ ಶಿವಲಿಂಗರುದ್ರಸರ್ಜನ ದತ್ತಕವನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪದೆಹೋದದ್ದೇ 1824ರ ಯುದ್ಧಕ್ಕೆ ಕಾರಣ. ರಾಣಿ ಚೆನ್ನಮ್ಮ 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡಳು. ಸಂಗೊಳ್ಳಿ ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಿದ್ದು 1831ರ ಜನವರಿಯಲ್ಲಿ; ಮೈಸೂರಿನ ಅರಸರು ಅಧಿಕಾರ ಕಳೆದುಕೊಂಡದ್ದು ಅದೇ ವರ್ಷ. 1858ರಲ್ಲಿ ನರಗುಂದದ ಬಾಬಾಸಾಹೇಬನು ದತ್ತಕದ ನಿರಾಕರಣೆಯಿಂದಲೇ ಬಂಡೆದ್ದು, ರಾಮದುರ್ಗದ ಹತ್ತಿರದ ಸುರೇಬಾನದಲ್ಲಿ ಬ್ರಿಟಿಷ್ ಅಧಿಕಾರಿ ಮ್ಯಾನ್ಸನ್ನನ ಕೊಲೆಯಾಯಿತು; ಬಾಬಾಸಾಹೇಬನಿಗೆ ಬೆಳಗಾವಿಯಲ್ಲಿ ಗಲ್ಲಾಯಿತು.

ಮೈಸೂರು ಆ ದಾರಿಯನ್ನು ಹಿಡಿಯಲಿಲ್ಲ. 1857ರಲ್ಲಿ ಅರಸರು ಬ್ರಿಟಿಷರ ಪಕ್ಷದಲ್ಲಿಯೇ ಉಳಿದು, ಮನವಿಯ ಮೇಲೆ ಮನವಿ ಬರೆದರು. ಅವು ಮತ್ತೆಮತ್ತೆ ತಿರಸ್ಕೃತವಾದವು. ಆದರೂ 1865ರ ಜೂನ್ 18ರಂದು ಬೆಟ್ಟದಕೋಟೆ ಮನೆತನದ ಚಾಮರಾಜೇಂದ್ರನೆಂಬ ಎರಡು ವರ್ಷದ ಮಗುವನ್ನು ದತ್ತು ಸ್ವೀಕರಿಸಿದರು. ಇಂಗ್ಲೆಂಡಿನಲ್ಲಿ ಎವಾನ್ಸ್ ಬೆಲ್ ಮೊದಲಾದವರು ಮೈಸೂರಿನ ಪರವಾಗಿ ಬರೆದರು. 1867ರಲ್ಲಿ ಲಂಡನ್ನಿನ ಸರ್ಕಾರವು ದತ್ತಕವನ್ನು ಮಾನ್ಯಮಾಡಿತು. ಚೆನ್ನಮ್ಮನ ಶೌರ್ಯವನ್ನು ಓದಿ ಬೆಳೆದ ನಮಗೆ ಈ ಅರ್ಜಿಗಳ ರಾಜಕಾರಣ ಸಪ್ಪೆಯೆನಿಸಬಹುದು. ಆದರೆ ರಾಜ್ಯ ಉಳಿದದ್ದು ಅದರಿಂದಲೇ.

ಜಗನ್ಮೋಹನ ಅರಮನೆಯ ಗೋಡೆಯ ಮೇಲಿರುವ ಸಂತಾನಾಂಬುಜ ಎಂಬ ಭಿತ್ತಿಚಿತ್ರವನ್ನು ಈ ಸಂದರ್ಭದಲ್ಲಿಯೇ ನೋಡಬೇಕು. ಅರಳಿದ ತಾವರೆಯ ನಡುವೆ ಅರಸರು, ಸುತ್ತಲಿನ ದಳಗಳಲ್ಲಿ ಅವರ ಸಂತತಿ. ಎಲೆಗಳಲ್ಲಿ ಬುದ್ಧಾವತಾರದ ಗುರುತಾಗಿದ್ದ ಕಮಲ ಇಲ್ಲಿ ವಂಶದ ಗುರುತಾಯಿತು. ವಂಶ ಮುಗಿಯಿತೆಂದು ಸರ್ಕಾರ ಲೆಕ್ಕಹಾಕುತ್ತಿದ್ದ ಕಾಲದಲ್ಲಿ ವಂಶವನ್ನು ಅರಳುವ ಹೂವಾಗಿ ಬರೆಯಿಸಿದ್ದರಲ್ಲಿ ಒಂದು ಉತ್ತರವೇ ಅಡಗಿದೆ. ಈ ಅರಮನೆ 1861ರಲ್ಲಿ ಪೂರ್ಣಗೊಂಡಿತು.

ನಿಧನ ಮತ್ತು ನಂತರ

ಮುಮ್ಮಡಿಯವರು 1868ರ ಮಾರ್ಚ್ 27ರಂದು ನಿಧನರಾದರು. ಅದೇ ಸೆಪ್ಟೆಂಬರಿನಲ್ಲಿ ದತ್ತುಪುತ್ರನಿಗೆ ಪಟ್ಟವಾಯಿತು. ಆಡಳಿತವು ಒಡೆಯರ ಕೈಗೆ ಮರಳಿದ್ದು 1881ರ ಮಾರ್ಚ್ 25ರಂದು.

ಅಚ್ಚಿನ 52 ಎಲೆಗಳು ಅಗ್ಗವಾಗಿ ಬಂದ ಮೇಲೆ ಗಂಜೀಫಾ ಮೂಲೆಗುಂಪಾಯಿತು. ಬೈಲಹೊಂಗಲ, ಸವದತ್ತಿಯ ಕಡೆ ಕಟ್ಟೆಯ ಮೇಲೆ ಆಡುವವರು ಬದಾಮು, ಚೌಕಟ್, ಕಿಲವರ್, ಇಸ್ಪೀಕ್ ಎನ್ನುತ್ತಾರೆ. ಆ ಗುರುತುಗಳ ಹಿಂದೆ ಯಾವ ಕಥೆಯೂ ಅವರಿಗೆ ಬೇಕಾಗಿಲ್ಲ. ಮೈಸೂರಿನ ಛದಗಳ ಕಡೆಗೆ ಮತ್ತೆ ವಿದ್ವಾಂಸರ ಗಮನ ಸೆಳೆದವರಲ್ಲಿ ಮುಂಬಯಿಯಲ್ಲಿ ನೆಲೆಸಿದ್ದ ಕಲಾವಿಮರ್ಶಕ ರುಡಾಲ್ಫ್ ವಾನ್ ಲೈಡನ್ ಮುಖ್ಯರು. ಭಾರತದ ಗಂಜೀಫಾ ಕುರಿತ ಅವರ ಪುಸ್ತಕ 1982ರಲ್ಲಿ ಹೊರಬಂದಿತು. ಮೈಸೂರು ಸೀಮೆಯಲ್ಲಿ ಗಂಜೀಫಾ ರಘುಪತಿ ಭಟ್ಟರು ಈ ಕಲೆಗೆ ಮರುಜೀವ ಕೊಟ್ಟರು. ಮೈಸೂರಿನ ಗಂಜೀಫಾ ಎಲೆಗಳಿಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆತಿದೆ. ಬೆಳಗಾವಿಯಿಂದ ಅಂಬೋಲಿ ಘಟ್ಟ ಇಳಿದರೆ ಸಿಗುವ ಸಾವಂತವಾಡಿಯ ಅರಮನೆಯಲ್ಲಿ, ರಾಜಮನೆತನದ ಶಿವರಾಮರಾಜೇ ಮತ್ತು ಸತ್ವಶೀಲಾದೇವಿ ಭೋಸಲೆ ದಂಪತಿಗಳು 1970ರ ದಶಕದಲ್ಲಿ ಆರಂಭಿಸಿದ ಕಾರ್ಯಾಗಾರದಲ್ಲಿ, ದಶಾವತಾರದ ದುಂಡೆಲೆಗಳನ್ನು ಈಗಲೂ ಕೈಯಿಂದ ಬರೆಯುತ್ತಾರೆ.